ಕವಳೆ ಗಿಡ ಹಾಕುವ ಮುಂಚೆ ಗೇಟು ಎಲ್ಲಿದೆ ನೋಡಿ

ಪಾವಿನಲ್ಲಿ ಅಳೆದು ಕವಳೆ ಹಣ್ಣು ಮಾರುತ್ತಿದ್ದ ಅಜ್ಜಿ ನಮ್ಮ ಬೀದಿಗೆ ಬರುವುದು ನಿಂತ ಮೇಲೆ ನಾನೇ ಒಂದು ಗಿಡ ಹಾಕಿದೆ. ಎಲ್ಲಿ ಹಾಕಿದೆ? ಗೇಟಿನ ಪಕ್ಕ. ಹೂವಿನ ವಾಸನೆ ಒಳಗೆ ಬರುವಾಗಲೇ ಸಿಗಲಿ ಅಂತ. ಮೂರು ವರ್ಷದಲ್ಲಿ ಅದು ಎದೆಮಟ್ಟ ಬೆಳೆದು, ಅಮ್ಮನ ಎರಡು ಸೀರೆ, ಪೇಪರ್ ಹಾಕುವ ಹುಡುಗನ ಶರ್ಟು, ನನ್ನ ಸ್ಕೂಟರಿನ ಹಿಂದಿನ ಟೈರು ಎಲ್ಲವನ್ನೂ ಒಂದೊಂದಾಗಿ ಹರಿದು ಹಾಕಿತು. ಹಣ್ಣು ಬಿಡುವ ವರ್ಷವೇ ಕಡಿಯಬೇಕಾಯಿತು. ಹಾಗಾಗಿ ಮಣ್ಣು, ಗೊಬ್ಬರದ ಮಾತು ಆಮೇಲೆ. ಮೊದಲು ಜಾಗ.

ಕವಳೆಯ ಮುಳ್ಳು ಸಾಮಾನ್ಯದ್ದಲ್ಲ. ಎಲೆಯ ಬುಡದಲ್ಲಿ ಜೋಡಿ ಜೋಡಿಯಾಗಿ ಇರುತ್ತದೆ, ಒಂದೂವರೆ ಇಂಚು ಉದ್ದ, ಒಣಗಿದ ಮೇಲೆ ಮೊಳೆಯಷ್ಟೇ ಗಟ್ಟಿ. ಸುಮ್ನೆ ಬಿಟ್ಟರೆ ಗಿಡ ಎಂಟು ಹತ್ತು ಅಡಿ ಎತ್ತರ, ಹೆಚ್ಚುಕಮ್ಮಿ ಅಷ್ಟೇ ಅಗಲ ಹರಡುತ್ತದೆ. ಅದಕ್ಕೇ ಓಡಾಡುವ ದಾರಿ, ಬಟ್ಟೆ ಒಣಹಾಕುವ ತಂತಿ, ಗಾಡಿ ನಿಲ್ಲಿಸುವ ಜಾಗ, ಮಕ್ಕಳು ಆಡುವ ಮೂಲೆ, ಇವುಗಳಿಂದ ಕನಿಷ್ಠ ಐದಡಿ ದೂರ ಇರಲಿ. 30×40 ಸೈಟಿನ ಮನೆಯಾದರೆ ಹಿತ್ತಲಿನ ಕಾಂಪೌಂಡ್ ಮೂಲೆಯಲ್ಲಿ ಒಂದೇ ಒಂದು ಸಾಕು. ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು. ನೆರಳಲ್ಲಿ ಗಿಡ ಬದುಕುತ್ತದೆ, ಆದರೆ ಕಾಯಿ ಬಿಡಲ್ಲ. ತೋಟಕ್ಕೆ ಬೇಲಿ ಬೇಕು ಅನ್ನುವವರು ಎರಡು ಮೂರಡಿಗೊಂದರಂತೆ ಸಾಲಾಗಿ ಹಾಕಿ, ಆಮೇಲೆ ಮುಳ್ಳುತಂತಿಯ ಖರ್ಚೇ ಇಲ್ಲ.

ಚಾಮುಂಡಿ ಬೆಟ್ಟದಲ್ಲಿ, ಮೇಲುಕೋಟೆ ಕಡೆಯ ಕುರುಚಲಿನಲ್ಲಿ ಕಾಣುವುದು ಸಣ್ಣ ಕಾಯಿಯ ಕಾಡು ಕವಳೆ. ರುಚಿ ಚೆನ್ನಾಗಿದೆ, ಆದರೆ ಕಿತ್ತು ತರಬೇಡಿ. ಅದು ಕಾಯ್ದಿಟ್ಟ ಕಾಡು. ಅಲ್ಲದೆ ಕಲ್ಲಿನ ಸಂದಿಗೆ ಬೇರು ಬಿಟ್ಟ ಗಿಡ ಕಿತ್ತರೆ ಬದುಕುವುದೂ ಕಷ್ಟ. ಮನೆಗೆ ದೊಡ್ಡ ಕಾಯಿಯದು ಒಳ್ಳೆಯದು, ಕ್ಯಾರಿಸ್ಸಾ ಕ್ಯಾರಂಡಾಸ್ ಅನ್ನುವುದು ಅದೇ. ಕೊಂಕಣ್ ಬೋಲ್ಡ್, ಪಂತ್ ಮನೋಹರ್, ಪಂತ್ ಸುದರ್ಶನ್ ಅಂತ ಆರಿಸಿದ ತಳಿಗಳೂ ಇವೆ. ನರ್ಸರಿಯಲ್ಲಿ ಒಂದು ಎಚ್ಚರ ಇರಲಿ: ನೇಟಾಲ್ ಪ್ಲಮ್ ಅನ್ನುವ ದಕ್ಷಿಣ ಆಫ್ರಿಕಾದ ಗಿಡವನ್ನೂ ಕೆಲವರು ಕವಳೆ ಅಂತಲೇ ಕೊಡುತ್ತಾರೆ. ಅದರ ಹೂವು ದೊಡ್ಡದು, ಎಲೆ ದಪ್ಪ, ಹಣ್ಣಾದರೂ ಕೆಂಪಗೇ ಇರುತ್ತದೆ. ನಮ್ಮ ಕವಳೆ ಹಣ್ಣಾದರೆ ಕಪ್ಪಾಗಬೇಕು.

ಗಿಡ ಸಿಗದಿದ್ದರೆ ಬೀಜದಿಂದ ಮಾಡಿ, ಕಷ್ಟವೇನಿಲ್ಲ. ಪೂರ್ತಿ ಕಪ್ಪಾಗಿ ಮೆತ್ತಗಾದ ಹಣ್ಣು ತಂದು ಹಿಂಡಿದರೆ ಚಪ್ಪಟೆಯಾದ ಕಂದು ಬೀಜ ಬರುತ್ತವೆ. ಸ್ವಲ್ಪ ಬೂದಿ ಹಾಕಿ ಉಜ್ಜಿ ತೊಳೆದರೆ ಅಂಟು ಹೋಗುತ್ತದೆ. ಒಂದು ದಿನ ನೆರಳಲ್ಲಿ ಆರಿಸಿ, ಅದೇ ವಾರ ಬಿತ್ತಬೇಕು. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ನೋಡೋಣ ಅಂದರೆ ಒಂದೂ ಹುಟ್ಟಲ್ಲ, ಈ ಬೀಜದ ಜೀವ ಅಷ್ಟು ಬೇಗ ಹೋಗುತ್ತದೆ. ಕೆಮ್ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಬೆರೆಸಿ ಕವರಿಗೆ ತುಂಬಿ, ಅರ್ಧ ಇಂಚು ಆಳಕ್ಕೆ ಹಾಕಿದರೆ ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಮೊದಲ ವರ್ಷ ಕವರಿನಲ್ಲೇ ಇರಲಿ. ಕಡ್ಡಿ ನೆಟ್ಟರೆ ಸುಲಭಕ್ಕೆ ಬೇರು ಬರಲ್ಲ, ನಾನು ಹನ್ನೆರಡು ಕಡ್ಡಿ ಒಣಗಿಸಿದ್ದೇನೆ. ಗೂಟಿ ಕಟ್ಟಲು, ಅಂದರೆ ರೆಂಬೆ ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಸುತ್ತಿ ಕಟ್ಟಿ ಬೇರು ಬರಿಸಲು, ಬರುವವರು ಮಳೆಗಾಲದಲ್ಲಿ ಕಟ್ಟಿ ನೋಡಿ.

ನೆಡುವುದಕ್ಕೆ ಮೃಗಶಿರಾ ಮಳೆ, ಅಂದರೆ ಜೂನ್ ಎರಡನೇ, ಮೂರನೇ ವಾರ, ಸರಿಯಾದ ಹೊತ್ತು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿ, ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಗೆದ್ದಲಿದ್ದರೆ ಒಂದು ಹಿಡಿ ಬೇವಿನ ಹಿಂಡಿ. ಅಷ್ಟೇ. ಮೈಸೂರಿನ ಕಲ್ಲು ಬೆರೆತ ಕೆಂಪು ಮಣ್ಣು ಇದಕ್ಕೆ ತವರುಮನೆ. ಮಂಡ್ಯದಲ್ಲಿ ನಾಲೆ ಬಯಲಿನ ಜಿಗುಟು ಮಣ್ಣಿನವರು ಮಾತ್ರ ಒಂದಡಿ ದಿಬ್ಬ ಏರಿಸಿ ಅದರ ಮೇಲೆ ನೆಡಿ. ಬರ ತಡೆಯುತ್ತದೆ ಕವಳೆ, ಬುಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆತು ಹೋಗುತ್ತದೆ. ಪಾತ್ರೆ ತೊಳೆದ ನೀರು ಹರಿಯುವ ಕಡೆ ಹಾಕಲೇಬೇಡಿ.

ಮೊದಲ ಬೇಸಿಗೆ ವಾರಕ್ಕೊಂದು ಸಲ ಒಂದು ಬಿಂದಿಗೆ ನೀರು ಸಾಕು. ಬೇರು ಹಿಡಿದ ಮೇಲೆ, ಕಾಯಿ ಕಚ್ಚುವ ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಅಪರೂಪಕ್ಕೆ ಕೊಡಿ. ಗೊಬ್ಬರ ವರ್ಷಕ್ಕೊಂದು ಬುಟ್ಟಿ. ಯೂರಿಯಾ ಗೀರಿಯಾ ಬೇಡ, ಎಲೆ ಮತ್ತು ಮುಳ್ಳು ಜಾಸ್ತಿ ಆಗುತ್ತದೆ, ಹೂವಲ್ಲ. ನೆಟ್ಟ ಮೂರನೇ ವರ್ಷದ ಹೊತ್ತಿಗೆ ಬೇಸಿಗೆ ಶುರುವಾಗುವಾಗ ಮಲ್ಲಿಗೆಯಂಥ ಬಿಳಿ ಹೂವು ಬರುತ್ತದೆ. ಹೂಗೊಂಚಲು ರೆಂಬೆಯ ತುದಿಯಲ್ಲಿ ಬರುವುದರಿಂದ, ಬೇಲಿ ಚೆಂದ ಕಾಣಲಿ ಅಂತ ಪದೇ ಪದೇ ಕತ್ತರಿ ಆಡಿಸಿದರೆ ಕಾಯಿ ಇಲ್ಲ. ಹಣ್ಣು ಮುಗಿದ ಮೇಲೆ, ಆಗಸ್ಟ್ ಹೊತ್ತಿಗೆ, ಬುಡದ ಅಡ್ಡಾದಿಡ್ಡಿ ರೆಂಬೆ ಸವರಿ. ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ. ಕಡಿದ ಕಡ್ಡಿಯನ್ನು ಒಂದೂ ಬಿಡದೆ ಆಯ್ದುಬಿಡಿ, ನನ್ನ ಟೈರಿಗೆ ಚುಚ್ಚಿದ್ದು ಗಿಡದ ಮೇಲಿದ್ದ ಮುಳ್ಳಲ್ಲ, ನಾನೇ ಕಡಿದು ಬಿಟ್ಟಿದ್ದ ಒಣಕಡ್ಡಿ.

ಕಡಿದ ಕಡೆ ಹಾಲು ಬರುತ್ತದೆ. ಕಣಗಿಲೆಯೂ ಇದೇ ಕುಟುಂಬದ ಗಿಡ, ಅದು ವಿಷ. ಮನೆಯಲ್ಲಿ ಎರಡೂ ಇದ್ದರೆ ಯಾವುದು ತಿನ್ನುವುದು, ಯಾವುದು ಮುಟ್ಟಬಾರದು ಅಂತ ಮಕ್ಕಳಿಗೆ ಗಿಡದ ಮುಂದೆ ನಿಲ್ಲಿಸಿಯೇ ತೋರಿಸಿ.

ಉಪ್ಪಿನಕಾಯಿಗೆ ಮೇ ತಿಂಗಳ ಹಸಿ ಕಾಯಿ. ಹೆಚ್ಚುವ ಮುಂಚೆ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಸೋಪಿಗೂ ಬಿಡಲ್ಲ. ಎರಡು ಹೋಳು ಮಾಡಿ ಬೀಜ ತೆಗೆದು, ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಅಂಟು ಇಳಿಯುತ್ತದೆ. ಹುಣಸೆಹಣ್ಣಿನ ಬದಲು ಇದನ್ನೇ ಹಾಕಿ, ಬೆಲ್ಲ ಸ್ವಲ್ಪ ಮುಂದಾಗಿ ಗೊಜ್ಜು ಮಾಡಿ ನೋಡಿ. ಬೇಕರಿ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ಎಷ್ಟೋ ಸಲ ಇದೇ ಕಾಯಿ, ಸಕ್ಕರೆ ಪಾಕದಲ್ಲಿ ಬಣ್ಣ ಹಚ್ಚಿಸಿಕೊಂಡು ಬಂದದ್ದು, ಗೊತ್ತಲ್ವಾ? ಹಣ್ಣು ಬೇಕಾದರೆ ಕಪ್ಪಾಗುವ ತನಕ ಕಾಯಿರಿ, ಅಷ್ಟರಲ್ಲಿ ಪಿಕಳಾರಗಳು ಮೇಲಿನ ರೆಂಬೆ ಖಾಲಿ ಮಾಡಿರುತ್ತವೆ. ಮಾಡಲಿ ಬಿಡಿ, ಒಳಗಿನವು ನಮಗೆ ಉಳಿಯುತ್ತವೆ.

ಈಗ ನನ್ನ ಎರಡನೇ ಗಿಡ ಹಿತ್ತಲ ಮೂಲೆಯಲ್ಲಿದೆ. ಕೈ ಹಾಕಿ ಕೀಳುವುದನ್ನು ಬಿಟ್ಟಿದ್ದೇನೆ. ಛತ್ರಿ ಬಿಚ್ಚಿ ತಲೆಕೆಳಗಾಗಿ ರೆಂಬೆಯ ಕೆಳಗೆ ಹಿಡಿದು, ಕೋಲಿನಿಂದ ಮೆಲ್ಲಗೆ ಅಲ್ಲಾಡಿಸಿದರೆ ಹಣ್ಣಾದವು ಮಾತ್ರ ಉದುರುತ್ತವೆ. ಛತ್ರಿ ಹಳೇದಿರಲಿ, ಹಣ್ಣಿನ ರಸದ ಕಲೆ ಹೋಗಲ್ಲ.