ದೇವಿನುವರ: ಒಡೆದ ದೇಗುಲದ ಊರನ್ನು ಓದುವ ಬಗೆ

ಶ್ರೀಲಂಕಾದ ದಕ್ಷಿಣ ತುದಿಯ ದೇವಿನುವರಕ್ಕೆ ಹೋದವರಲ್ಲಿ ಹೆಚ್ಚಿನವರು ದೀಪಸ್ತಂಭದ ಮುಂದೆ ಫೋಟೊ ತೆಗೆಸಿಕೊಂಡು, ನೀಲಿ ಬಣ್ಣದ ವಿಷ್ಣು ಗುಡಿಗೆ ಕೈಮುಗಿದು ಹೊರಟುಬಿಡುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ. ಹಡಗಿನಿಂದ ನೋಡಿದರೆ ಇಡೀ ಪಟ್ಟಣದಂತೆ ಕಾಣುತ್ತಿತ್ತು ಎನ್ನುವ ಹಳೆಯ ದೇಗುಲವನ್ನು ಪೋರ್ಚುಗೀಸರು 1588ರಲ್ಲಿ ಲೂಟಿ ಮಾಡಿ ಕೆಡವಿದರು. ಉಳಿದಿರುವುದು ಚೂರುಪಾರು. ಓದಿಕೊಂಡು ಹೋದವರಿಗೆ ಮಾತ್ರ ಆ ಚೂರುಗಳು ಏನನ್ನಾದರೂ ಹೇಳುತ್ತವೆ.

ಹುಡುಕುವ ಮೊದಲು ಹೆಸರುಗಳ ಪಟ್ಟಿ ಕೈಯಲ್ಲಿರಲಿ. ಸಿಂಹಳದಲ್ಲಿ ದೇವಿನುವರ ಅಥವಾ ದೆವುಂದರ, ತಮಿಳಿನಲ್ಲಿ ತೆನವರಂ ಅಥವಾ ತೊಂಡೇಶ್ವರಂ, ಯುರೋಪಿನವರ ಬಾಯಲ್ಲಿ ಡೊಂಡ್ರಾ, ಹದಿನಾಲ್ಕನೇ ಶತಮಾನದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತನ ಬರಹದಲ್ಲಿ ದೀನವರ್. ಒಂದೇ ಹೆಸರು ಹಿಡಿದು ಹುಡುಕಿದರೆ ಅರ್ಧ ಚರಿತ್ರೆ ಮಾತ್ರ ಸಿಗುತ್ತದೆ. ತಮಿಳು ಶೈವರ ಬರಹಗಳು ಇದನ್ನು ಲಂಕೆಯ ಪಂಚ ಈಶ್ವರಗಳಲ್ಲಿ, ಅಂದರೆ ಐದು ಶಿವಕ್ಷೇತ್ರಗಳಲ್ಲಿ, ದಕ್ಷಿಣದ್ದು ಎನ್ನುತ್ತವೆ. ಸಿಂಹಳ ಬರಹಗಳಲ್ಲಿ ಇದು ಬುದ್ಧಶಾಸನವನ್ನು ಕಾಯುವ ದೇವರು ಉಪುಲ್ವನ್‌ನ ಊರು. ನೈದಿಲೆಯ ಬಣ್ಣದ ಈ ದೇವರು ಕಾಲಕ್ರಮದಲ್ಲಿ ವಿಷ್ಣುವಿನೊಂದಿಗೆ ಒಂದಾದ. ಅವನು ಮೂಲದಲ್ಲಿ ವರುಣ ಎಂದು ವಾದಿಸಿದವರು ಪುರಾತತ್ತ್ವಜ್ಞ ಸೆನರತ್ ಪರಣವಿತಾನ. ಈ ಜಗಳವನ್ನು ಒಂದು ದಿನದ ಭೇಟಿಯಲ್ಲಿ ಬಗೆಹರಿಸಲು ಹೋಗಬೇಡಿ. ಯಾವ ಆಕರ ಯಾವ ಕಾಲದಲ್ಲಿ ದೇವರನ್ನು ಏನೆಂದು ಕರೆದಿದೆ ಎಂದು ಬರೆದಿಟ್ಟುಕೊಂಡರೆ ಸಾಕು.

ಓದು ಶುರುವಾಗಬೇಕಾದದ್ದು ಕೊಲಂಬೊದಲ್ಲಿ. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಗಾಲೆಯ ತ್ರಿಭಾಷಾ ಶಾಸನವಿದೆ: ಸುಮಾರು 145 ಸೆಂ.ಮೀ. ಎತ್ತರದ ಕಲ್ಲು, ನೆತ್ತಿಯ ಮೇಲೆ ಎದುರುಬದುರು ಡ್ರ್ಯಾಗನ್‌ಗಳು. ಬಲಗಡೆ ಚೀನಿ, ಎಡಗಡೆ ಮೇಲೆ ತಮಿಳು, ಅದರ ಕೆಳಗೆ ಪರ್ಷಿಯನ್. ಚೀನಿ ಪಾಠ ಬುದ್ಧನಿಗೆ, ತಮಿಳು ಪಾಠ ತೆನವರೈ ನಾಯನಾರ್ ಎಂಬ ದೇವಿನುವರದ ದೇವರಿಗೆ, ಪರ್ಷಿಯನ್ ಪಾಠ ಅಲ್ಲಾಹನಿಗೆ ಕಾಣಿಕೆ ಒಪ್ಪಿಸುತ್ತದೆ. ಕಾಣಿಕೆಯ ಲೆಕ್ಕದಲ್ಲಿ ಚಿನ್ನ 1000, ಬೆಳ್ಳಿ 5000 ಎಂದಿದೆ. ದೇವರು ಬೇರೆ, ಉಡುಗೊರೆಯ ಪಟ್ಟಿ ಹೆಚ್ಚುಕಡಿಮೆ ಒಂದೇ. ವ್ಯಾಪಾರಕ್ಕೆ ಬಂದ ಚೀನೀಯರ ಜಾಣತನ ಅದು. ಇಸವಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ಕಲ್ಲಿನ ಮೇಲಿರುವುದು 1409. ಚೀನಾದಲ್ಲಿ ಕೆತ್ತಿಸಿದ ಇದನ್ನು ನೌಕಾಧಿಪತಿ ಝೆಂಗ್ ಹೆ ಲಂಕೆಗೆ ತಂದದ್ದು ಅದರ ನಂತರ. 1911ರಲ್ಲಿ ಇದು ಸಿಕ್ಕಿದ್ದು ಗಾಲೆಯಲ್ಲಿ, ಚರಂಡಿಯ ಮುಚ್ಚುಗಲ್ಲಾಗಿ. ಪರ್ಷಿಯನ್ ಭಾಗ ಬಹಳ ಸವೆದಿದೆ. ಅಕ್ಷರ ನೋಡಲು ಎದುರಿಗೆ ನಿಲ್ಲದೆ ಓರೆಯಾಗಿ ನಿಂತು ನೋಡಿ.

ಕೊಲಂಬೊ ಫೋರ್ಟ್ ನಿಲ್ದಾಣದಿಂದ ಮಾತರಕ್ಕೆ ಕರಾವಳಿ ರೈಲು ಮೂರ್ನಾಲ್ಕು ಗಂಟೆಯ ಹಾದಿ. ಬಲಗಡೆ ಕೂತರೆ ಸಮುದ್ರ ಕಾಣುತ್ತದೆ. ದೇವಿನುವರಕ್ಕೆ ರೈಲು ನಿಲ್ದಾಣವಿಲ್ಲ. ಮಾತರದಲ್ಲಿಳಿದು ತಂಗಾಲೆ ಕಡೆಯ ಬಸ್ ಅಥವಾ ಆಟೊ ಹಿಡಿದರೆ ಇನ್ನು ಸುಮಾರು 6 ಕಿ.ಮೀ.

ಊರು ತಲುಪಿದ ಮೇಲೆ ಮೊದಲು ದಿಬ್ಬದ ಮೇಲಿನ ಗಲ್ಗೆಗೆ ಹೋಗಿ. ಏಳನೇ ಶತಮಾನದ್ದೆಂದು ಹೇಳುವ ಕಲ್ಲಿನ ಗುಡಿ ಇದು: ಗೋಡೆಯೂ ಕಲ್ಲು, ಚಾವಣಿಯೂ ಕಲ್ಲುಚಪ್ಪಡಿ, ಕೆತ್ತನೆ ಇಲ್ಲವೆನ್ನುವಷ್ಟು ಕಡಿಮೆ. ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಸಪ್ಪೆ ಅನಿಸಬಹುದು. ಆದರೂ ಕಲ್ಲುಗಳ ಸಂದಿಗೆ ಕಣ್ಣಿಟ್ಟು ಒಂದು ಸುತ್ತು ಬನ್ನಿ. ಈ ಊರಿನಲ್ಲಿ ನೋಡಲು ಸಿಗುವ ಅತಿ ಹಳೆಯ ಕಟ್ಟಡ ಇದೇ.

ಅಲ್ಲಿಂದ ದೇವಾಲೆಗೆ. ಲಂಕೆಯಲ್ಲಿ ದೇವಾಲೆ ಎಂದರೆ ದೇವರ ಗುಡಿ, ವಿಹಾರ ಎಂದರೆ ಬುದ್ಧನದು. ಇಲ್ಲಿ ಎರಡೂ ಒಂದೇ ಆವರಣದಲ್ಲಿವೆ. ಭಕ್ತರು ಬುದ್ಧನಿಗೆ ಹೂವಿಟ್ಟು, ಹಣ್ಣಿನ ತಟ್ಟೆ ಹಿಡಿದು ದೇವಾಲೆಗೆ ಬರುತ್ತಾರೆ. ಪೂಜಾರಿಯನ್ನು ಕಪುರಾಲ ಎನ್ನುತ್ತಾರೆ. ಮಂಗಳೂರಿನ ಕದ್ರಿ ಬಲ್ಲವರಿಗೆ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಮಂಜುನಾಥನ ಆವರಣದಲ್ಲಿ ಆಳುಪ ಕುಂದವರ್ಮನ 968ರ ಶಾಸನವಿರುವ, ಬೌದ್ಧ ಮೂಲದ ಲೋಕೇಶ್ವರ ವಿಗ್ರಹವಿದೆ, ಆದರೆ ಬೌದ್ಧರ ನಡೆ ಅಲ್ಲಿ ಎಂದೋ ನಿಂತಿತು. ಇಲ್ಲಿ ಅದು ನಿಂತಿಲ್ಲ.

ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಬಿಳಿಯಾದರೆ ಇನ್ನೂ ಒಳ್ಳೆಯದು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಗದರುತ್ತಾರೆ. ಚಪ್ಪಲಿ ಹೊರಗೆ ಬಿಡಬೇಕಾದ್ದರಿಂದ ನಡುಮಧ್ಯಾಹ್ನ ಹೋಗಬೇಡಿ, ಅಂಗಳ ಕಾದ ಕಾವಲಿಯಾಗಿರುತ್ತದೆ. ಪೂಜೆ ನೋಡುವುದಿದ್ದರೆ ಬೆಳಗ್ಗೆ ಅಥವಾ ಸಂಜೆ.

ಹಳೆಯ ಬರಹಗಳನ್ನು ಮುಖಬೆಲೆಗೇ ತಗೊಂಡರೆ ಮೋಸ ಹೋಗುತ್ತೀರಿ. 1344ರಲ್ಲಿ ಬಂದ ಇಬ್ನ್ ಬತೂತ ಆಳೆತ್ತರದ ಚಿನ್ನದ ಮೂರ್ತಿ, ಕಣ್ಣಿಗೆ ಎರಡು ಮಾಣಿಕ್ಯ, ಸಾವಿರ ಬ್ರಾಹ್ಮಣರು ಮತ್ತು ಜೋಗಿಗಳು, ರಾತ್ರಿ ಹಾಡಿ ಕುಣಿಯುವ ಐನೂರು ಹೆಂಗಸರು ಎಂದೆಲ್ಲ ಬರೆದ. ಸಿಂಹಳ ಐತಿಹ್ಯದ ಪ್ರಕಾರ ಮೂರ್ತಿ ಸಮುದ್ರದಲ್ಲಿ ತೇಲಿಬಂದ ಚಂದನದ ಮರದ್ದು. ಬತೂತನ ತಲೆಲೆಕ್ಕ ಬದಿಗಿಡಿ. ಊರಿನ ಆದಾಯವೆಲ್ಲ ದೇವರದು, ಊರ ತುಂಬ ವ್ಯಾಪಾರಿಗಳು ಎಂಬ ಅವನ ಮಾತನ್ನು ಇಟ್ಟುಕೊಳ್ಳಿ. ಅದಕ್ಕೆ ಬೇರೆ ಸಾಕ್ಷಿಯೂ ಇದೆ: ಪರಾಕ್ರಮಬಾಹು ಹೆಸರಿನ ಅರಸನ ಇಲ್ಲಿನ ಶಾಸನ, ಪರದೇಶದಿಂದ ಬಂದವರು ಸುಂಕ ತಪ್ಪಿಸದಂತೆ ಕಟ್ಟಳೆ ಹಾಕುತ್ತದೆ. 1588ರ ದಾಳಿಯ ವಿವರ ಓದುವಾಗಲೂ ಅದು ಗೆದ್ದವರ ಕಡೆಯ ಬರಹ ಎಂಬುದು ನೆನಪಿರಲಿ. ಲಂಕೆಯ ಸೀತಾವಕ ರಾಜ್ಯದ ಅರಸ ರಾಜಸಿಂಹ ಪೋರ್ಚುಗೀಸರ ಕೊಲಂಬೊ ಕೋಟೆಗೆ ಮುತ್ತಿಗೆ ಹಾಕಿದ್ದ. ಅವನ ಗಮನ ಬೇರೆಡೆಗೆ ಸೆಳೆಯಲು ಪೋರ್ಚುಗೀಸ್ ದಳಪತಿ ತೋಮೆ ಡಿ ಸೋಜಾನ ನೌಕಾಪಡೆ ದಕ್ಷಿಣ ಕರಾವಳಿಯನ್ನು ಸುಟ್ಟುಕೊಂಡು ಬಂತು. ದೇವರ ರಥಕ್ಕೂ ಬೆಂಕಿ ಬಿತ್ತು, ಗುಡಿಯೊಳಗೆ ಹಸು ಕಡಿದರು.

49 ಮೀಟರ್ ಎತ್ತರದ ದೀಪಸ್ತಂಭ 1890ರದ್ದು, ದೇಗುಲದ ಕತೆಗೆ ಸೇರಿದ್ದಲ್ಲ, ಕಡೆಗೆ ನೋಡಿ. ಇಲ್ಲಿನ ವಾರ್ಷಿಕ ಮೆರವಣಿಗೆಯ ಹಬ್ಬ ಎಸಳ ಪೆರಹರ ನೋಡಬೇಕೆಂದರೆ ಜುಲೈ-ಆಗಸ್ಟ್‌ನ ಹುಣ್ಣಿಮೆಯ ಆಸುಪಾಸು ಹೋಗಬೇಕು. ಆಗ ಕಲ್ಲುಗಳನ್ನು ನಿಧಾನವಾಗಿ ನೋಡುವ ಆಸೆ ಬಿಡಿ, ಕೋಣೆಯನ್ನು ಮಾತರದಲ್ಲೇ ಮೊದಲೇ ಕಾಯ್ದಿರಿಸಿ.