ಹೊಲದ ಬದುವಿನ ಸೊಪ್ಪು: ಯಾವುದನ್ನು ಕೀಳಬೇಕು, ಹೇಗೆ ಬೇಯಿಸಬೇಕು, ಯಾವುದನ್ನು ಬಿಡಬೇಕು

ಮುಂಗಾರು ಎರಡು ಸಲ ಚೆನ್ನಾಗಿ ಬಿದ್ದರೆ ಸಾಕು, ರಾಗಿ ಹೊಲದ ಬದುವಿನಲ್ಲಿ, ಹಿತ್ತಲಲ್ಲಿ, ಊರಾಚೆಯ ಖಾಲಿ ಸೈಟಿನಲ್ಲಿ ಯಾರೂ ಬಿತ್ತದ ಸೊಪ್ಪು ಎದ್ದು ನಿಲ್ಲುತ್ತದೆ. ಕೋಲಾರ, ತುಮಕೂರು, ಮಂಡ್ಯ ಕಡೆ ಇವನ್ನೆಲ್ಲ ಒಟ್ಟಿಗೆ ಹಾಕಿ ಬೇಯಿಸುತ್ತಾರೆ. ಅದೇ ಬೆರಕೆ ಸೊಪ್ಪು. ಅಣ್ಣೆ, ಕೀರೆ, ಗೋಣಿ, ಹೊನಗೊನೆ, ಕೊಮ್ಮೆ, ಗಣಿಕೆ, ಕನ್ನೆ, ಒಂದಷ್ಟು ತುಂಬೆ ಕುಡಿ, ಹೀಗೆ ಆ ದಿನ ಸಿಕ್ಕಿದ್ದೆಲ್ಲ ಮಡಿಲಿಗೆ ಬೀಳುತ್ತದೆ.

ಹೊಸದಾಗಿ ಶುರು ಮಾಡುವವರು ಎಲ್ಲವನ್ನೂ ಒಂದೇ ಮಳೆಗಾಲದಲ್ಲಿ ಕಲಿಯೋಕೆ ಹೋಗಬೇಡಿ. ಮೂರು ನಾಲ್ಕು ಗಿಡ ಸಾಕು. ಅವನ್ನು ಮೊಳಕೆ, ಹೂವು, ಬೀಜ ಎಲ್ಲ ಹಂತದಲ್ಲೂ ನೋಡಿ. ಕಲಿಸೋಕೆ ಸರಿಯಾದವರು ಅಂದ್ರೆ ಕಳೆ ಕೀಳುವ ಹೆಂಗಸರು. ಅವರ ಜೊತೆ ಅರ್ಧ ದಿನ ಬಗ್ಗಿ ಕೆಲಸ ಮಾಡಿದರೆ ಯಾವುದು ಸಾರಿಗೆ, ಯಾವುದು ದನಕ್ಕೆ, ಯಾವುದು ಯಾರಿಗೂ ಬೇಡ ಅಂತ ಮೂರೂ ಗೊತ್ತಾಗುತ್ತದೆ. ಫೋನಿನ ಆ್ಯಪ್ ಹೇಳಿದ್ದನ್ನು ಸುಳಿವು ಅಂತ ಮಾತ್ರ ತೆಗೆದುಕೊಳ್ಳಿ, ಅದರ ಮಾತು ಕೇಳಿ ಒಲೆ ಹಚ್ಚಬೇಡಿ. ತಾಲ್ಲೂಕು ದಾಟಿದರೆ ಗಿಡದ ಹೆಸರೂ ಬದಲಾಗುತ್ತದೆ, ಅದಕ್ಕೆ ಹೆಸರಿಗಿಂತ ಎಲೆ, ಕಾಂಡ, ಹೂವು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಗೋಣಿ ಸೊಪ್ಪಿನಿಂದ ಶುರು ಮಾಡಿ. ಕೆಂಪು ಛಾಯೆಯ ದಪ್ಪ ಕಾಂಡ, ನೀರು ತುಂಬಿದ ಪುಟ್ಟ ಎಲೆ, ನೆಲಕ್ಕೆ ಒರಗಿ ಹಬ್ಬುತ್ತದೆ, ತಿಂದರೆ ಸ್ವಲ್ಪ ಹುಳಿ. ಅದೇ ಜಾಗದಲ್ಲಿ ಹಾಗೇ ನೆಲಕ್ಕಂಟಿಕೊಂಡು ಬೆಳೆಯುವ ಹಾಲು ಬರುವ ಗಿಡಗಳೂ ಇರುತ್ತವೆ. ಪರೀಕ್ಷೆ ಸುಲಭ: ಕಾಂಡ ಮುರಿಯಿರಿ, ಬಿಳಿ ಹಾಲು ಬಂದರೆ ಎಸೆಯಿರಿ. ಗೋಣಿಯಲ್ಲಿ ಹಾಲು ಬರುವುದಿಲ್ಲ. ಇದರಲ್ಲಿ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಇದನ್ನು ಬಿಡುವುದೇ ಒಳ್ಳೆಯದು.

ಅಣ್ಣೆ ಸೊಪ್ಪಿಗೆ ಹೂವು ಬಂದಾಗ ತುದಿಯಲ್ಲಿ ಗುಲಾಬಿ-ಬಿಳಿ ತೆನೆಯಂಥ ಕುಚ್ಚು ನಿಲ್ಲುತ್ತದೆ. ಆಗ ಗುರುತು ಹಿಡಿಯೋದು ಸುಲಭ, ತಿನ್ನೋಕೆ ಮಾತ್ರ ತಡ. ಹೂವು ಬರುವ ಮುಂಚೆ ಎಳೆ ಕುಡಿ ಚಿವುಟಿ. ಬೇರು ಸಮೇತ ಕೀಳಬೇಡಿ, ಚಿವುಟಿದರೆ ಪಕ್ಕದಲ್ಲಿ ಮತ್ತೆ ಚಿಗುರುತ್ತದೆ.

ಹೊನಗೊನೆ ಕೆರೆ ಅಂಚಿನ, ಗದ್ದೆ ಬದುವಿನ ಗಿಡ. ಕಣ್ಣಿಗೆ ಒಳ್ಳೆಯದು ಅಂತ ಎಲ್ಲರ ಮನೆಯಲ್ಲೂ ಹೇಳ್ತಾರೆ ಅಲ್ವಾ. ಇದರ ಬಿಳಿ ಹೂವಿನ ಗುಂಡು ಎಲೆ ಮತ್ತು ಕಾಂಡದ ಸಂದಿಗೆ ಅಂಟಿಕೊಂಡೇ ಕೂತಿರುತ್ತದೆ. ನಗರದ ಕೆರೆಗಳಲ್ಲಿ ಇದನ್ನೇ ಹೋಲುವ, ದಕ್ಷಿಣ ಅಮೆರಿಕದಿಂದ ಬಂದ ಒಂದು ಕಳೆ ರಾಶಿ ರಾಶಿ ತೇಲುತ್ತದೆ. ಅದರ ಹೂವಿಗೆ ಉದ್ದ ತೊಟ್ಟು ಇರುತ್ತದೆ, ಕಾಂಡ ಟೊಳ್ಳು. ನಿಜ ಹೇಳಬೇಕಂದ್ರೆ ಬೆಂಗಳೂರಿನ ಕೊಳಚೆ ಸೇರುವ ಕೆರೆ ಪಕ್ಕದಲ್ಲಿ ಅಸಲಿ ಹೊನಗೊನೆಯೇ ಸಿಕ್ಕರೂ ಬೇಡ. ಅದು ಅಲ್ಲಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಹೆದ್ದಾರಿ ಅಂಚು, ಮೋರಿ ಪಕ್ಕ, ಕಳೆನಾಶಕ ಹೊಡೆದ ತೋಟ, ಇವಕ್ಕೂ ಇದೇ ಮಾತು. ಹೊಲದ ಯಜಮಾನರನ್ನು ಒಂದು ಮಾತು ಕೇಳಿಬಿಡಿ, ಔಷಧಿ ಹೊಡೆದಿದ್ದರೆ ಅವರೇ ಹೇಳ್ತಾರೆ.

ಗಣಿಕೆಯಲ್ಲಿ ಮಾತ್ರ ಅವಸರ ಬೇಡ. ಸಣ್ಣ ಬಿಳಿ ಹೂವು ಗೊಂಚಲಾಗಿ ಕೆಳಗೆ ಜೋತು ಬೀಳುತ್ತದೆ, ಹಣ್ಣು ಕಪ್ಪಾಗುತ್ತದೆ. ಮಕ್ಕಳು ತಿನ್ನುವುದು ಆ ಕಪ್ಪು ಹಣ್ಣನ್ನೇ. ಹಸಿರು ಕಾಯಿಯಲ್ಲಿ ಸೊಲನೈನ್ ಎಂಬ ವಿಷ ಇರುತ್ತದೆ, ಅದನ್ನು ಬಾಯಿಗಿಡಬೇಡಿ. ತೀರಾ ಎಳೆಯ ಸಸಿಯಲ್ಲಿ ಉಮ್ಮತ್ತಿ ಮತ್ತು ಗಣಿಕೆ ಕಣ್ಣಿಗೆ ಗೊಂದಲ ಮಾಡುತ್ತವೆ. ಉಮ್ಮತ್ತಿ ಎಲೆ ಸಾರಿಗೆ ಬಿದ್ದರೆ ಬಾಯಿ ಒಣಗಿ, ಬುದ್ಧಿ ಕಲಸಿ, ಆಸ್ಪತ್ರೆ ಸೇರಬೇಕಾಗುತ್ತದೆ. ಹಾಗಾಗಿ ಹೂವೋ ಹಣ್ಣೋ ಕಾಣುವ ಗಿಡದಿಂದ ಮಾತ್ರ ಕೀಳಿ. ಎಲೆಯನ್ನು ಬೇರೆಯಾಗಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಉಳಿದ ಸೊಪ್ಪಿನ ಜೊತೆ ಸೇರಿಸಿ.

ಈಗ ಅಡುಗೆ. ಬೆರಕೆಯಲ್ಲಿ ಮೆತ್ತನೆ ರುಚಿಯ ಅಣ್ಣೆ, ಕೀರೆ ಮುಕ್ಕಾಲು ಪಾಲು ಇರಲಿ. ಕಹಿ, ಘಾಟು ಇರುವ ತುಂಬೆ, ಗಣಿಕೆ ಒಂದು ಹಿಡಿ ಸಾಕು. ಮೂರು ನಾಲ್ಕು ನೀರಲ್ಲಿ ತೊಳೆಯಿರಿ, ಮಳೆಗಾಲದ ಸೊಪ್ಪಿಗೆ ಮಣ್ಣು ಎರಚಿರುತ್ತದೆ. ತೊಗರಿಬೇಳೆ ಅರ್ಧ ಬೆಂದಾಗ ಸೊಪ್ಪು, ಉಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು, ಉಪ್ಪು ರುಬ್ಬಿ ಖಾರ ಮಾಡಿ. ತಟ್ಟೆಯಲ್ಲಿ ಮುದ್ದೆ, ಪಕ್ಕಕ್ಕೆ ಬಿಸಿ ಕಟ್ಟು, ಅದಕ್ಕೆ ಬೇಕಾದಷ್ಟು ಖಾರ ಕಲಸಿಕೊಂಡರೆ ಉಪ್ಸಾರು. ಬಸಿದ ಸೊಪ್ಪು-ಬೇಳೆಗೆ ಈರುಳ್ಳಿ ಒಗ್ಗರಣೆ ಹಾಕಿದರೆ ಪಲ್ಯ. ಹುರಿದ ಮಸಾಲೆಗೆ ಬೆಂದ ಸೊಪ್ಪನ್ನೇ ಒಂದಿಷ್ಟು ಸೇರಿಸಿ ರುಬ್ಬಿ ಕಟ್ಟಿನಲ್ಲಿ ಕುದಿಸಿದರೆ ಬಸ್ಸಾರು. ನನ್ನ ಓಟು ಉಪ್ಸಾರಿಗೆ. ಕಾಡು ಸೊಪ್ಪಿನ ರುಚಿ ಅದರಲ್ಲಿ ಮಸಾಲೆಯಡಿ ಮುಚ್ಚಿಹೋಗುವುದಿಲ್ಲ.

ಮಲೆನಾಡಿಗೆ ಬಂದರೆ ಸಾರಿನ ಜಾಗಕ್ಕೆ ತಂಬುಳಿ ಬರುತ್ತದೆ. ಒಂದೆಲಗ ಅಡಿಕೆ ತೋಟದ ತಂಪಿನಲ್ಲಿ, ಕಾಲುವೆ ಪಕ್ಕ ಬಳ್ಳಿಯಂತೆ ಹರಿಯುತ್ತದೆ. ಒಂದು ತೊಟ್ಟಿಗೆ ಒಂದೇ ಎಲೆ, ಬುಡದಲ್ಲಿ ಸೀಳು. ಒಂದು ಹಿಡಿ ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಕಲಸಿ. ಕುದಿಸುವುದಿಲ್ಲ, ಅದಕ್ಕೇ ಎಲೆಯನ್ನು ಚೆನ್ನಾಗಿ ತೊಳೆದು ಬಾಡಿಸೋದು ಮುಖ್ಯ. ದೊಡ್ಡಪತ್ರೆ ತಂಬುಳಿಯೂ ಹೀಗೇ. ಶೀತ, ಕೆಮ್ಮಿಗೆ ಅಂತ ಕೊಡುವುದೂ ಹೆಚ್ಚಾಗಿ ಈ ರೂಪದಲ್ಲೇ, ಊಟದ ಜೊತೆ.

ಔಷಧಿಯ ವಿಷಯಕ್ಕೆ ನನ್ನ ಅಳತೆ ಇಷ್ಟೇ: ಊಟದಲ್ಲಿ ತಿನ್ನುವಷ್ಟು ಪ್ರಮಾಣಕ್ಕೆ ಧೈರ್ಯವಾಗಿ ಹೋಗಿ, ಲೋಟಗಟ್ಟಲೆ ರಸ ಹಿಂಡಿ ಕುಡಿಯೋಕೆ ಹೋಗಬೇಡಿ. ನೆಲನೆಲ್ಲಿಯನ್ನೇ ನೋಡಿ. ಎಲೆಸಾಲಿನ ಅಡಿಯಲ್ಲಿ ಪುಟ್ಟ ಕಾಯಿಗಳ ಸಾಲು ಇರುವ ಈ ಗಿಡವನ್ನು ಕಾಮಾಲೆಗೆ ಅರೆದು ಮಜ್ಜಿಗೆಯಲ್ಲಿ ಕೊಡುವ ರೂಢಿ ಎಲ್ಲ ಕಡೆ ಇದೆ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇರುವವರಿಗೆ ಇದರಿಂದ ಗುಣ ಕಂಡಿತು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ನೀರಿನಿಂದ ಹರಡುವ ಹೆಪಟೈಟಿಸ್ ಎ ಕಾಮಾಲೆ ಬಹಳಷ್ಟು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ, ಹೆಸರು ಮಾತ್ರ ಔಷಧಿ ಕೊಟ್ಟವರಿಗೆ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಅಮೃತಬಳ್ಳಿಯೂ ಹಾಗೇ. ಹೃದಯದಾಕಾರದ ಎಲೆ, ಕಾಗದದಂತೆ ಸುಲಿಯುವ ತೊಗಟೆ. ಕೊರೋನಾ ಕಾಲದಲ್ಲಿ ಇದರ ಕಷಾಯ ಕುಡಿಯದ ಮನೆಯೇ ಇರಲಿಲ್ಲ. 2021ರಲ್ಲಿ ಮುಂಬೈ ವೈದ್ಯರು ಇದನ್ನು ತೆಗೆದುಕೊಂಡ ಕೆಲವರ ಯಕೃತ್ತಿಗೆ ಪೆಟ್ಟಾಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಇದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂದಿತು. ಜಗಳ ಅವರಿಗಿರಲಿ. ಯಕೃತ್ತಿನ ತೊಂದರೆ ಇರುವವರು, ಬಸುರಿಯರು, ಸಕ್ಕರೆ ಕಾಯಿಲೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ.

ಕೆಸುವಿನ ಎಲೆ, ಬಿದಿರಿನ ಕಳಲೆ ಎರಡೂ ಸರಿಯಾಗಿ ಹದ ಮಾಡಿದರೆ ಮಾತ್ರ ಆಹಾರ. ಕೆಸುವಿಗೆ ಹುಣಸೆಹುಳಿ ಧಾರಾಳ ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹೆಚ್ಚಿ, ಎರಡು ಮೂರು ದಿನ ನೆನೆಸಿ, ದಿನಾ ನೀರು ಬದಲಾಯಿಸಿ, ಆಮೇಲೆ ಬೇಯಿಸಿ.

ಯಾವುದೇ ಸೊಪ್ಪು ತಿಂದು ವಾಂತಿ, ಮಂಪರು, ಕಣ್ಣು ಮಂಜು ಆದರೆ ಮನೆಮದ್ದು ಹುಡುಕಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಳಿದ ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಓಡಿ, ಗಿಡ ನೋಡಿದರೆ ಅವರಿಗೆ ಕೆಲಸ ಸುಲಭ.

ಹೆದರಬೇಕಿಲ್ಲದ್ದು ಒಂದಿದೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಅಂದ್ರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪನ್ನು ಕುದಿಸಿ ಆ ನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಮಾರನೇ ದಿನ ಮೂತ್ರ ಕೆಂಪಾಗಿ ಹೋಗುತ್ತದೆ. ಮೊದಲ ಸಲ ತಿನ್ನುವ ನೆಂಟರಿಗೆ ಇದನ್ನು ರಾತ್ರಿಯೇ ಹೇಳಿಡಿ.