ಕಾರ್ಗಿಲ್ ರಸ್ತೆಯಲ್ಲಿ ಶೆಲ್‌ಗಿಂತ ನೀರೇ ಜಾಸ್ತಿ ಕಾಡಿತು

ನಾನು ಮದ್ರಾಸ್ ಸ್ಯಾಪರ್, ಅಂದರೆ ಸೈನ್ಯದ ಎಂಜಿನಿಯರಿಂಗ್ ದಳದವನು. ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ನಮ್ಮ ದಳದ ಎಂಇಜಿ ಸೆಂಟರಿನಲ್ಲಿ ತಯಾರಾದ ‘ತಂಬಿ’, ನಮ್ಮವರನ್ನು ಕರೆಯುವುದೇ ಹಾಗೆ. 1999ರಲ್ಲಿ ಬಿಆರ್‌ಒಗೆ, ಅಂದರೆ ಗಡಿ ರಸ್ತೆ ಸಂಸ್ಥೆಗೆ ಹಾಕಿದ್ದರು. ಕಾರ್ಗಿಲ್ ಯುದ್ಧ ಶುರುವಾದಾಗ ಶ್ರೀನಗರ–ಲೇಹ್ ರಸ್ತೆಯಲ್ಲಿ ದ್ರಾಸ್ ಕಡೆ ಇದ್ದೆ.

ಆ ರಸ್ತೆ ದಾಟುವ ಜೋಜಿಲಾ ಕಣಿವೆದಾರಿ 11,500 ಅಡಿಗಿಂತ ಎತ್ತರ. ಆಗೆಲ್ಲ ಹಿಮ ಬಿದ್ದು ಮುಚ್ಚಿದರೆ ಬೇಸಿಗೆ ತನಕ ದಾರಿ ಬಂದ್. ಲಡಾಖ್ ಸೈನ್ಯಕ್ಕೆ ಚಳಿಗಾಲದ ರೇಷನ್, ಸೀಮೆಎಣ್ಣೆ, ಮದ್ದುಗುಂಡು ಎಲ್ಲ ಉಳಿದ ಕೆಲವೇ ತಿಂಗಳಲ್ಲಿ ಹೋಗಬೇಕು. ಮನಾಲಿ ದಾರಿ ಇತ್ತು, ಆದರೆ ಅದು ಇನ್ನೂ ಎತ್ತರ. ತೋಲೋಲಿಂಗ್ ಬೆಟ್ಟವೋ ದ್ರಾಸ್‌ನ ತಲೆ ಮೇಲೇ ಇದೆ. ಅಲ್ಲಿ ಕೂತ ಪಾಕಿಸ್ತಾನದವನಿಗೆ ರಸ್ತೆಯ ಲಾರಿಗಳು ಕಾಣುತ್ತವೆ, ಫಿರಂಗಿಯವರಿಗೆ ಜಾಗ ಹೇಳಿದರೆ ಆಯಿತು. ಹಾಗಾಗಿ ಕಾನ್ವಾಯ್‌ಗಳು ರಾತ್ರಿ ಹೆಡ್‌ಲೈಟ್ ಆರಿಸಿಕೊಂಡು ಹೋಗುತ್ತಿದ್ದವು. ನಮ್ಮ ಕೆಲಸವೂ ರಾತ್ರಿಗೆ ಬಿತ್ತು.

ಶೆಲ್ ಬಿದ್ದ ಗುಂಡಿ ಮುಚ್ಚುವುದು ಅಂಥ ವಿದ್ಯೆಯೇನಲ್ಲ. ಸಡಿಲ ಮಣ್ಣು ಹೊರಗೆ ತೆಗೆಯಬೇಕು, ಕೆಳಗೆ ದೊಡ್ಡ ಕಲ್ಲು, ಮೇಲೆ ಚಿಕ್ಕದು, ಅದರ ಮೇಲೆ ಡೋಜರ್ ಓಡಿಸಿ ಅದುಮಬೇಕು. ಸುಮ್ನೆ ಮಣ್ಣು ಸುರಿದರೆ ಮೂರನೇ ಲಾರಿಗೇ ಕುಸಿಯುತ್ತದೆ. ಕಲ್ಲಿನ ರಾಶಿ ಮೊದಲೇ ರಸ್ತೆ ಬದಿಯಲ್ಲಿ ಹಾಕಿಸಿರುತ್ತಿದ್ದೆವು.

ಆದರೆ ಶೆಲ್ ಬಿದ್ದ ಕಡೆ ನಾನು ಮೊದಲು ನೋಡುತ್ತಿದ್ದದ್ದು ಗುಂಡಿಯನ್ನಲ್ಲ, ಬೆಟ್ಟದ ಬದಿಯ ಚರಂಡಿಯನ್ನು. ಸ್ಫೋಟಕ್ಕೆ ಮೇಲಿಂದ ಕಲ್ಲುಮಣ್ಣು ಜಾರಿ ಚರಂಡಿ ಕಟ್ಟಿಕೊಂಡಿರುತ್ತದೆ. ಅಲ್ಲಿಯ ಹಳ್ಳಗಳ ರೀತಿಯೇ ಬೇರೆ, ಬೆಳಗ್ಗೆ ಪಾದ ಮುಳುಗುವಷ್ಟು ನೀರು, ಬಿಸಿಲಿಗೆ ಹಿಮ ಕರಗಿ ಸಂಜೆ ಹೊತ್ತಿಗೆ ಅದೇ ಹಳ್ಳ ಬಂಡೆ ಉರುಳಿಸಿಕೊಂಡು ಬರುತ್ತದೆ. ಬೆಳಗಿನ ನೀರು ನೋಡಿ ಮೋರಿ ಅಳತೆ ಹಾಕಿದವನು ಕೆಟ್ಟ. ಚರಂಡಿ ಕಟ್ಟಿಕೊಂಡಿದ್ದರೆ ಆ ನೀರು ರಸ್ತೆಗೆ ಅಡ್ಡ ಹರಿದು, ಬೆಳಗಾಗುವುದರೊಳಗೆ ಕಣಿವೆ ಬದಿಯ ಅಂಚನ್ನು ತಿಂದುಬಿಡುತ್ತದೆ. ಗುಂಡಿಯನ್ನು ಬಳಸಿಕೊಂಡಾದರೂ ಲಾರಿ ಹೋಗುತ್ತದೆ, ಅಂಚೇ ಹೋದರೆ ಎಲ್ಲಿ ಹೋಗುತ್ತದೆ? ಒಳಗೆ ಇಂಗಿದ ನೀರಿನ ಕಥೆ ಇನ್ನೊಂದು. ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ ರಸ್ತೆಯನ್ನೇ ಮೇಲೆತ್ತುತ್ತದೆ, ಕರಗಿದ ಮೇಲೆ ಚಕ್ರ ಹೂತುಕೊಳ್ಳುತ್ತದೆ.

ಡೋಜರ್‌ಗಳು ನಮ್ಮ ಕೆಜಿಎಫ್‌ನಲ್ಲಿ ತಯಾರಾದ ಬೆಮೆಲ್‌ನವು. ಗಾಳಿ ತೆಳು, ಎಂಜಿನ್ ಅರ್ಧ ಜೀವದಲ್ಲೇ ದುಡಿಯುತ್ತದೆ. ಮನುಷ್ಯರೂ ಅಷ್ಟೇ. ಸಲಿಕೆ ಹಿಡಿದವರಲ್ಲಿ ಜಾಸ್ತಿ ಜನ ದುಮ್ಕಾ ಕಡೆಯ ಸಂತಾಲರು. ಆಗ ಅದಿನ್ನೂ ಬಿಹಾರ. ದಿನಗೂಲಿಯವರು, ಸಮವಸ್ತ್ರ ಇಲ್ಲ, ಪದಕ ಇಲ್ಲ. ಶೆಲ್ ಸದ್ದು ಕೇಳಿದರೆ ಮೋರಿಯೊಳಗೆ ನುಗ್ಗಿ, ನಿಂತ ಮೇಲೆ ಅದೇ ಮೋರಿ ಬಿಡಿಸುತ್ತಿದ್ದರು. ಯುದ್ಧದ ಮಾತು ಬಂದಾಗ ಇವರ ಸುದ್ದಿ ಯಾರೂ ಎತ್ತುವುದಿಲ್ಲ, ನನಗದು ಸರಿ ಕಾಣುವುದಿಲ್ಲ.

ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮ ಕೈಗೆ ಬಂದವು. ರಸ್ತೆ ಮೇಲಿನ ಕಾಟ ಕಡಿಮೆಯಾಯಿತು. ಈಗ ಇನ್ನೊಂದು ಜಗಳ. ಡಾಂಬರು ಹಾಕಲು ಅಲ್ಲಿ ಬಿಸಿಲಿರುವ ಸ್ವಲ್ಪ ದಿನಗಳಷ್ಟೇ ಸಿಗುತ್ತವೆ, ಹಾಗಾಗಿ ಮೇಲಿನವರು ಡಾಂಬರು ಹಾಕಿ ಅಂತ. ಡಾಂಬರು ಫೋಟೋದಲ್ಲಿ ಕಾಣುತ್ತದೆ, ಮೋರಿ ಕಾಣುವುದಿಲ್ಲ ಅಲ್ವಾ. ಮೋರಿ ಮೊದಲು ಅಂತ ಹಟ ಹಿಡಿದೆ. ನಮ್ಮ ಪಾಲಿನ ಸ್ವಲ್ಪ ದೂರ ಆ ವರ್ಷ ಡಾಂಬರಿಲ್ಲದೆ ಉಳಿಯಿತು. ಕಾನ್ವಾಯ್ ಡ್ರೈವರ್‌ಗಳು ಧೂಳು ಕುಡಿದು ನಮ್ಮನ್ನು ಚೆನ್ನಾಗಿ ಬೈದರು, ಆದರೆ ಅವರ ಲಾರಿ ಎಲ್ಲೂ ಹೂತುಕೊಳ್ಳಲಿಲ್ಲ.